ಸ್ಕೋರ್ ಬಂತು ಸರಿ, ಹುಳ ಬಂತಾ?

"ಸೊಳ್ಳೆ ಓಡಿಸೋ ಹೊಸ ವಾಸನೆ ಕಂಡುಹಿಡಿದ ಕಂಪ್ಯೂಟರ್!" ಇಂಥ ಪೋಸ್ಟ್ ಎಲ್ಲಾದ್ರೂ ಕಂಡ್ರೆ, ಶೇರ್ ಮಾಡೋಕೆ ಮುಂಚೆ ಒಂದು ಮಾತು ಕೇಳಿ: ನಿಜವಾಗ್ಲೂ ಸೊಳ್ಳೆ ಓಡಿತಾ, ಇಲ್ಲ ಸ್ಕೋರ್ ಮಾತ್ರ ಬಂತಾ?

ಬಿಕಾಂ ಓದೋರಿಗೆ ಹುಳದ ಉಸಾಬರಿ ಯಾಕೆ ಅಂತೀರಾ? ಇದೂ ಲೆಕ್ಕದ ವಿಷಯವೇ, ನೋಡಿ.

ಕೀಟಗಳಿಗೆ ಮೂಗು ಅಂದ್ರೆ ಅವುಗಳ ಮೀಸೆ. ಮೀಸೆಯ ಸಣ್ಣ ಕೂದಲೊಳಗೆ ನೀರಿನಂಥ ದ್ರವ, ಅದರಲ್ಲಿ ವಾಸನೆಯ ಅಣುಗಳನ್ನು ಹಿಡಿದುಕೊಳ್ಳೋ ಪ್ರೋಟೀನ್‌ಗಳು. ಪ್ರೋಟೀನಿನಲ್ಲಿ ಒಂದು ಜೇಬಿದೆ ಅಂದ್ಕೊಳ್ಳಿ. ಯಾವ ಅಣು ಆ ಜೇಬಲ್ಲಿ ಎಷ್ಟು ಬಿಗಿಯಾಗಿ ಕೂರುತ್ತೆ ಅಂತ ಕಂಪ್ಯೂಟರ್ ತಿರುಗಿಸಿ ಮುರುಗಿಸಿ ನೋಡಿ ಅಂಕ ಕೊಡುತ್ತೆ. ಇದಕ್ಕೆ ಡಾಕಿಂಗ್ ಅಂತಾರೆ.

ಲಾಭ ಇದೆ, ಇಲ್ಲ ಅನ್ನಲ್ಲ. ಹೆಣ್ಣು ರೇಷ್ಮೆ ಪತಂಗ ಗಂಡನ್ನು ಕರೆಯೋ ವಾಸನೆಯ ಹೆಸರು ಬಾಂಬಿಕೋಲ್. 1959ರಲ್ಲಿ ಜರ್ಮನಿಯ ಬುಟೆನಾಂಟ್ ತಂಡ ಅದನ್ನು ಗುರುತಿಸೋಕೆ ಸುಮಾರು 5 ಲಕ್ಷ ಪತಂಗಗಳು ಬೇಕಾದವು. ಇವತ್ತು ಅದೇ ಪತಂಗದ ಪ್ರೋಟೀನ್ ರಚನೆ 'ಪ್ರೋಟೀನ್ ಡೇಟಾ ಬ್ಯಾಂಕ್'ನಲ್ಲಿ ಫ್ರೀಯಾಗಿ ಸಿಗುತ್ತೆ. 'ಆಟೋಡಾಕ್ ವೀನಾ' ಸಾಫ್ಟ್‌ವೇರೂ ಫ್ರೀ. ಸಾವಿರ ಅಣುಗಳನ್ನು ಜರಡಿ ಹಿಡಿದು ಹತ್ತಕ್ಕೆ ಇಳಿಸಬಹುದು. ದೊಡ್ಡ ಉಳಿತಾಯ.

ಆದ್ರೆ ಅದೇ ಪತಂಗ ಇನ್ನೊಂದು ಪಾಠನೂ ಹೇಳುತ್ತೆ. ಬಾಂಬಿಕೋಲ್ ಜೊತೆ ಬಾಂಬಿಕ್ಯಾಲ್ ಅಂತ ಹೆಚ್ಚುಕಮ್ಮಿ ಅದರಂತೆಯೇ ಇರೋ ಇನ್ನೊಂದು ಅಣು ಹೆಣ್ಣಿನಲ್ಲಿದೆ. 2006ರ ಒಂದು ಅಧ್ಯಯನದಲ್ಲಿ ಎರಡೂ ಅದೇ ಪ್ರೋಟೀನಿನಲ್ಲಿ ಕೂತವು. ಲೆಕ್ಕದಲ್ಲಿ ವ್ಯತ್ಯಾಸ ಚೂರೇ ಚೂರು. ಗಂಡು ಪತಂಗದ ಲೆಕ್ಕ ಬೇರೆ: ಬಾಂಬಿಕೋಲ್ ಸಿಕ್ಕರೆ ರೆಕ್ಕೆ ಬಡಿಯುತ್ತಾ ಹುಡುಕಿಕೊಂಡು ಬರುತ್ತೆ, ಬರೀ ಬಾಂಬಿಕ್ಯಾಲ್‌ಗೆ ಬರಲ್ಲ.

ಅಕೌಂಟ್ಸ್ ಕ್ಲಾಸ್ ನೆನಪಿಸಿಕೊಳ್ಳಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪಿಲ್ಲ ಅಂತಲ್ಲ, ಅಲ್ವಾ? ಡಾಕಿಂಗ್ ಸ್ಕೋರ್ ಕೂಡ ಅಷ್ಟೇ. ಇಲ್ಲಿ ಆಡಿಟ್ ಮಾಡಬೇಕಾದ್ದು ಜೀವಂತ ಹುಳ.

ಮಾವಿನ ತೋಟದಲ್ಲಿ ಹಣ್ಣುನೊಣಕ್ಕೆ ಬಲೆ ನೇತುಹಾಕಿರೋದು ನೋಡಿದ್ದೀರಾ? ಅದರೊಳಗಿನ ಮೀಥೈಲ್ ಯೂಜೆನಾಲ್ ನೊಣ ಸೆಳೆಯುತ್ತೆ ಅಂತ ಗೊತ್ತಾಗಿದ್ದು 1910ರ ದಶಕದಲ್ಲಿ, ಬಿಹಾರದ ಪೂಸಾದಲ್ಲಿ. ಹೌಲೆಟ್ ಅನ್ನೋ ಕೀಟತಜ್ಞ ನೊಣಗಳನ್ನೇ ಗಮನಿಸಿ ಹೇಳಿದ್ದು. ಶತಮಾನ ಕಳೆದ್ರೂ ಬಲೆ ಕೆಲಸ ಮಾಡ್ತಿದೆ.

ನನ್ನ ಅಭಿಪ್ರಾಯ ಇಷ್ಟೇ. ಮಾಡೆಲಿಂಗ್ ಬೇಕು. ಆದ್ರೆ ಅದರಿಂದ ಉಳಿದ ದುಡ್ಡು, ಟೈಮು ಹುಳ ಸಾಕೋ ಲ್ಯಾಬಿಗೆ, ತೋಟದ ಪರೀಕ್ಷೆಗೆ ಹೋಗಬೇಕು. ಆ ಹಂತ ಬಿಟ್ಟು ಬರೀ ಸ್ಕೋರ್ ನಂಬಿ ಮಾರೋಕೆ ಹೊರಟ್ರೆ ಪರೀಕ್ಷೆ ತಪ್ಪಲ್ಲ, ರೈತರ ತೋಟದಲ್ಲಿ ರೈತರ ದುಡ್ಡಲ್ಲೇ ನಡೆಯುತ್ತೆ. ಮಾವಿನ ಸೀಸನ್ ಸಪ್ಲಿಮೆಂಟರಿ ಎಕ್ಸಾಮ್ ಅಲ್ಲ, ಹೋದ್ರೆ ಮುಂದಿನ ವರ್ಷವೇ.

ಅದಕ್ಕೇ ಮುಂದಿನ ಸಲ ಇಂಥ ಸುದ್ದಿ ಓದಿದಾಗ ಮೂರು ವಿಷಯ ಹುಡುಕಿ: ಜೀವಂತ ಕೀಟದ ಮೇಲೆ ನೋಡಿದ್ರಾ? ಬಯಲಲ್ಲಿ ನೋಡಿದ್ರಾ? ಖರ್ಚೆಷ್ಟು? ಮೂರಕ್ಕೂ ಉತ್ತರ ಇರೋ ಸುದ್ದಿ ಸಿಕ್ಕರೆ ಕಾಮೆಂಟಲ್ಲಿ ಹಾಕಿ, ಎಲ್ಲರೂ ಓದೋಣ.

#ಕನ್ನಡದಲ್ಲಿವಿಜ್ಞಾನ #ಬಿಕಾಂಲೆಕ್ಕ