ಹೊಸ್ತಿಲ ಮೇಲಿನ ದೀಪ



ಸಂಜೆಯ ದೀಪವನ್ನು ಹೊಸ್ತಿಲ ಮೇಲಿರಿಸುವ ವಾಡಿಕೆ ನಮ್ಮ ಹಿರಿಯರ ಮನೆಗಳಲ್ಲಿ ಉಂಟು. ಅದು ಒಳಮನೆಯನ್ನೂ ಬೆಳಗುವುದು, ಬೀದಿಯನ್ನೂ ಬೆಳಗುವುದು. ಶಾಸ್ತ್ರಕಾರರು ಇದನ್ನೇ ದೇಹಲೀದೀಪನ್ಯಾಯವೆಂದು ಕರೆದರು. ಆದರೆ ಗಾಳಿ ಬೀಸಿದಾಗ ಮೊದಲು ನಡುಗುವುದೂ ಆ ದೀಪವೇ ಎಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ರಾಜ್ಯಭಾರವನ್ನು ಹೊತ್ತವರ ಸ್ಥಿತಿಯೂ ಇಂತಹುದೇ. ಕೀರ್ತಿಶೇಷರಾದ ಎಸ್. ಎಂ. ಕೃಷ್ಣರ ಬಾಳನ್ನು ನೆನೆದಾಗಲೆಲ್ಲ ನಮಗೆ ಈ ನ್ಯಾಯವು ಮನಸ್ಸಿಗೆ ಬರುವುದು.

೨೦೦೨ನೆಯ ಇಸವಿಯ ಮಾತು. ನಾವಾಗ ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಮಂಡ್ಯದ ಗದ್ದೆಗಳನ್ನು ತಣಿಸಿ ಮದ್ದೂರು, ಮಳವಳ್ಳಿಗಳ ಸೀಮೆಗೆ ಬರುವ ವೇಳೆಗೆ ಕೃಶವಾಗುವುದು. ಮಳೆ ತಪ್ಪಿದ ವರ್ಷ ತುದಿಯ ಗದ್ದೆಗಳನ್ನು ಮುಟ್ಟುವುದೇ ಕಷ್ಟ. ಆ ವರ್ಷವೂ ಹಾಗೆಯೇ ಆಯಿತು. ಒಂದು ದಿನ ಪಾಠದ ನಡುವೆ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ಮುಖ್ಯಮಂತ್ರಿಗಳು ನಮ್ಮೂರ ಕಡೆಯೋರೇ ಅಲ್ವಾ? ಮತ್ತೆ ನಮ್ ನಾಲೇಲಿ ಯಾಕೆ ನೀರಿಲ್ಲ?” ಎಂದು ಕೇಳಿದನು. ತರಗತಿಯಲ್ಲಿ ಯಾರೂ ನಗಲಿಲ್ಲ. ನಮಗೆ ಉತ್ತರ ತೋಚಲಿಲ್ಲ. ಪುಸ್ತಕ ತೆರೆಯಿರೆಂದು ಹೇಳಿ ತಪ್ಪಿಸಿಕೊಂಡೆವು. ಆ ಸಾಲವನ್ನು ಇಂದು ತೀರಿಸಲು ಯತ್ನಿಸುವೆವು.

ಹುಡುಗನು ಹೇಳಿದುದು ಸುಳ್ಳಲ್ಲ. ಕೃಷ್ಣರು ಜನಿಸಿದುದು ೧೯೩೨ರ ಮೇ ೧ರಂದು, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಕಾನೂನು ಕಲಿತು, ಅಮೆರಿಕಾದಲ್ಲಿಯೂ ವ್ಯಾಸಂಗ ಮಾಡಿ ಬಂದರು. ೧೯೬೨ರಲ್ಲಿ ಯಾವ ಪಕ್ಷದ ಆಸರೆಯೂ ಇಲ್ಲದೆ ಮದ್ದೂರಿನಿಂದ ವಿಧಾನಸಭೆಗೆ ಆರಿಸಿಬಂದರು. ೧೯೬೭ರಲ್ಲಿ ಅವರಿಗೆ ಸೋಲಾಯಿತು. ಮರುವರ್ಷವೇ ಮಂಡ್ಯದ ಉಪಚುನಾವಣೆಯು ಅವರನ್ನು ಪ್ರಜಾ ಸೋಷಲಿಸ್ಟ್ ಪಕ್ಷದ ಪರವಾಗಿ ಲೋಕಸಭೆಗೆ ಕಳುಹಿಸಿತು. ಮುಂದೆ ಕಾಂಗ್ರೆಸ್ಸಿಗೆ ಸೇರಿ ರಾಜ್ಯದಲ್ಲಿಯೂ ಕೇಂದ್ರದಲ್ಲಿಯೂ ಮಂತ್ರಿಗಳಾದರು; ವಿಧಾನಸಭೆಯ ಅಧ್ಯಕ್ಷರೂ ಉಪಮುಖ್ಯಮಂತ್ರಿಗಳೂ ಆದರು. ೧೯೯೯ರ ಅಕ್ಟೋಬರಿನಲ್ಲಿ ಮದ್ದೂರಿನ ಪ್ರತಿನಿಧಿಯಾಗಿಯೇ ಮುಖ್ಯಮಂತ್ರಿ ಪದವಿಯನ್ನೇರಿದರು.

ಆ ಕಾಲದ ಸತ್ಕಾರ್ಯಗಳನ್ನು ಮರೆಯಲಾಗದು. ಹೆಣ್ಣುಮಕ್ಕಳ ಉಳಿತಾಯಕ್ಕಾಗಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿದವು. ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಬಳಿಕ ನಾಡಿನ ಇತರ ಶಾಲೆಗಳಿಗೂ ಹಬ್ಬಿತು. ಹಸಿದ ಮಗುವಿಗೆ ವ್ಯಾಕರಣ ಹೇಳುವ ಪಾಪದಿಂದ ನಮ್ಮಂತಹ ಉಪಾಧ್ಯಾಯರು ಪಾರಾದೆವು. ಜಮೀನಿನ ಪಹಣಿಯು ಕಂಪ್ಯೂಟರಿನಿಂದ ದೊರೆಯುವಂತಾಯಿತು. ಸಹಕಾರ ಸಂಘದ ರೈತರ ಶಸ್ತ್ರಚಿಕಿತ್ಸೆಗೆ ಯಶಸ್ವಿನಿ ಯೋಜನೆ ಬಂದಿತು. ಇಷ್ಟಾದರೂ ಆ ಸರ್ಕಾರಕ್ಕೆ ನೆಮ್ಮದಿಯಿರಲಿಲ್ಲ. ೨೦೦೦ದಲ್ಲಿ ವರನಟ ರಾಜಕುಮಾರರು ವೀರಪ್ಪನ್ನನ ಸೆರೆಯಲ್ಲಿ ೧೦೮ ದಿವಸ ಕಳೆದಾಗ ನಾಡೇ ತಲ್ಲಣಿಸಿತು. ಮುಖ್ಯಮಂತ್ರಿಗಳ ಕಣ್ಣು ಬೆಂಗಳೂರಿನ ಬೆಡಗಿನ ಮೇಲೆಯೇ ಹೊರತು ಬರಗಾಲದ ಹಳ್ಳಿಗಳ ಮೇಲಿಲ್ಲವೆಂಬ ದೂರೂ ಕೇಳಿಬಂದಿತು.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆ ಕಾವೇರಿಯದು. ತಮಿಳುನಾಡಿಗೆ ವರ್ಷಕ್ಕೆ ೨೦೫ ಟಿಎಂಸಿ ನೀರು ಬಿಡತಕ್ಕದ್ದೆಂದು ನ್ಯಾಯಮಂಡಲಿಯು ೧೯೯೧ರಲ್ಲಿ ಮಧ್ಯಂತರ ಆಜ್ಞೆಯನ್ನಿತ್ತಿತ್ತು. ಮಳೆಯಿಲ್ಲದ ವರ್ಷ ಕೊರತೆಯನ್ನು ಹಂಚಿಕೊಳ್ಳುವ ಬಗೆ ಹೇಗೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ೨೦೦೨ರಲ್ಲಿ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಬಿಡಕೂಡದೆಂದು ಮಂಡ್ಯದ ರೈತರು ರಸ್ತೆಗಿಳಿದರು. ಸೆಪ್ಟೆಂಬರಿನಲ್ಲಿ ರೈತನೊಬ್ಬನು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣಬಿಟ್ಟನು. ಸರ್ಕಾರವು ನೀರನ್ನು ನಿಲ್ಲಿಸಿತು. ಅಕ್ಟೋಬರಿನಲ್ಲಿ ಕೃಷ್ಣರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಕೈಗೊಂಡರು. ಅತ್ತ ನ್ಯಾಯಾಲಯನಿಂದೆಯ ಮೊಕದ್ದಮೆ ನಡೆಯಿತು. ಕೊನೆಗೆ ಅವರು ಬೇಷರತ್ತಾಗಿ ಕ್ಷಮೆ ಯಾಚಿಸಿದರು, ನೀರು ಹರಿಯಿತು.

ಕ್ಷಮೆ ಕೇಳಿ ನಾಡಿನ ಮಾನ ಕಳೆದರೆಂದು ಅಂದು ಹಲವರು ಹಳಿದರು. ನಾವು ಆ ಮಾತನ್ನೊಪ್ಪೆವು. ಸಂವಿಧಾನದ ಮೇಲೆ ಪ್ರಮಾಣ ಮಾಡಿದವನು ನ್ಯಾಯಪೀಠಕ್ಕೆ ತಲೆಬಾಗುವುದು ಧರ್ಮವೇ ಹೊರತು ದೈನ್ಯವಲ್ಲ. ನಮ್ಮ ಆಕ್ಷೇಪಣೆ ಅದಕ್ಕೂ ಮುಂಚಿನ ನಡೆಗೆ ಸಂಬಂಧಿಸಿದುದು. ಬಿಡಲೇಬೇಕಾದ ನೀರನ್ನು ಬಿಡೆವೆಂಬ ಭರವಸೆ ರೈತನಲ್ಲಿ ಹುಟ್ಟುವಂತೆ ನಡೆದು, ಬಳಿಕ ಬಿಟ್ಟರೆ, ಅವನಿಗೆ ಎರಡು ನಷ್ಟ: ಬೆಳೆ ಹೋಯಿತು, ನಂಬಿಕೆಯೂ ಹೋಯಿತು. ಪಾದಯಾತ್ರೆಯು ಸಾಂತ್ವನವನ್ನೀಯಬಹುದು, ಗದ್ದೆಗೆ ನೀರನ್ನು ತಾರದು. ಕಹಿಯಾದ ನಿಜವನ್ನು ಮೊದಲೇ ಹೇಳಿ, ಒಣಗಿದ ಬೆಳೆಗೆ ಪರಿಹಾರವನ್ನು ಮುಂದಿಟ್ಟು ನಡೆದಿದ್ದರೆ ಆ ನಡಿಗೆ ಇನ್ನೂ ದೊಡ್ಡದಾಗುತ್ತಿತ್ತು.

೨೦೦೪ರಲ್ಲಿ ಕೃಷ್ಣರು ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ಸ್ಪರ್ಧಿಸಿದರು. ತಾವು ಗೆದ್ದರೂ ಅವರ ಪಕ್ಷವು ಬಹುಮತ ಕಳೆದುಕೊಂಡಿತು. ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರಾದರು. ೨೦೦೯ರಿಂದ ೨೦೧೨ರವರೆಗೆ ವಿದೇಶಾಂಗ ಮಂತ್ರಿಗಳಾಗಿದ್ದರು. ೨೦೧೧ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣಪತ್ರವನ್ನು ಕೆಲವು ನಿಮಿಷ ತಮ್ಮದೆಂದೇ ಓದಿ ನಗೆಗೀಡಾದರು. ೨೦೧೭ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಕಾಂಗ್ರೆಸ್ಸನ್ನು ತೊರೆದು ಭಾರತೀಯ ಜನತಾ ಪಕ್ಷವನ್ನು ಸೇರಿದಾಗ ಹಳೆಯ ಒಡನಾಡಿಗಳು ನೊಂದರು. ೨೦೨೩ರಲ್ಲಿ ಪದ್ಮವಿಭೂಷಣ ಬಂದಿತು. ೨೦೨೪ರ ಡಿಸೆಂಬರ್ ೧೦ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದುದು ಸೋಮನಹಳ್ಳಿಯಲ್ಲಿ. ಹೊಸ್ತಿಲನ್ನು ದಾಟಿ ಲೋಕವನ್ನೆಲ್ಲ ಸುತ್ತಿದವರು ಕಡೆಗೆ ಒಳಮನೆಗೇ ಮರಳಿದರು.

ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಕರ್ನಾಟಕದ ಪಾಲಿಗೆ ೧೪.೭೫ ಟಿಎಂಸಿ ನೀರನ್ನು ಹೆಚ್ಚಿಸಿತು. ಆದರೂ ೨೦೨೩ರಲ್ಲಿ ಮಳೆ ಕೈಕೊಟ್ಟಾಗ ಮಂಡ್ಯದಲ್ಲಿ ಮತ್ತೆ ಧರಣಿ ನಡೆಯಿತು. ಹಾಗಾದರೆ ಆ ಹುಡುಗನಿಗೆ ಉತ್ತರವೇನು? ಮಗು, ಮುಖ್ಯಮಂತ್ರಿಗಳು ನಮ್ಮವರಾದ ಮಾತ್ರಕ್ಕೆ ನದಿಯು ನಮ್ಮದೊಂದೇ ಆಗದು. ನಮ್ಮವರಿಂದ ನಾವು ಕೇಳತಕ್ಕದ್ದು ನೀರಿನ ಪಕ್ಷಪಾತವನ್ನಲ್ಲ, ನಿಜವಾದ ಮಾತನ್ನು.

ಅವನೀಗ ಮೂವತ್ತು ದಾಟಿದ ಗೃಹಸ್ಥನಾಗಿರಬೇಕು. ಈ ಪತ್ರಿಕೆಯು ಅವನ ಮನೆಗೂ ಹೋಗುತ್ತಿದ್ದರೆ, ತಡವಾದ ಉತ್ತರಕ್ಕಾಗಿ ತನ್ನ ಮೇಷ್ಟರನ್ನು ಅವನು ಮನ್ನಿಸಲಿ.