ಮಾನ್ಯತೆ ಇಲ್ಲದವರಿಗೂ ಒಂದು ಕುರ್ಚಿ

ತೈವಾನ್ ಸ್ವತಂತ್ರ ದೇಶವೋ ಚೀನಾದ ಭಾಗವೋ ಎಂಬ ಜಗಳ ತೀರುವ ತನಕ ಅಲ್ಲಿನ ಸುಮಾರು 2.3 ಕೋಟಿ ಜನರನ್ನು ವಿಶ್ವ ಆರೋಗ್ಯ ಸಂಸ್ಥೆಯ ಹೊಸ್ತಿಲಾಚೆ ನಿಲ್ಲಿಸುವುದು ನ್ಯಾಯವಲ್ಲ. ರಾಜತಾಂತ್ರಿಕ ಮಾನ್ಯತೆ ಕೊಡುವುದು ಬಿಡುವುದು ಆಯಾ ಸರ್ಕಾರಗಳ ರಾಜಕೀಯ ತೀರ್ಮಾನ. 2024ರ ಜನವರಿಯಲ್ಲಿ ನೌರು ಬೀಜಿಂಗ್ ಕಡೆಗೆ ಹೊರಳಿದ ಮೇಲೆ ತೈಪೆಯ ಜೊತೆ ಉಳಿದದ್ದು 12 ದೇಶಗಳಷ್ಟೇ. ಆದರೆ ಸೋಂಕು ಈ ಲೆಕ್ಕವನ್ನು ಕೇಳುವುದಿಲ್ಲ. 2003ರಲ್ಲಿ ಸಾರ್ಸ್ ತೈವಾನಿಗೆ ಕಾಲಿಟ್ಟದ್ದು ಮಾರ್ಚ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿಗೆ ಬಂದದ್ದು ಮೇ ತಿಂಗಳಲ್ಲಿ. ಆ ವಾರಗಳನ್ನು ಯಾವ ಸಾರ್ವಭೌಮತ್ವದ ವಾದದಿಂದಲೂ ನಾನು ಸಮರ್ಥಿಸಲಾರೆ.

ತೈವಾನನ್ನು ಹೊರಗಿಡಲು ಚೀನಾ ಆಧಾರವಾಗಿ ಹಿಡಿಯುವುದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1971ರ ಅಕ್ಟೋಬರ್ 25ರಂದು ಅಂಗೀಕರಿಸಿದ 2758ನೇ ನಿರ್ಣಯವನ್ನು. ಚೀನಾದ ಪೀಠ ಬೀಜಿಂಗ್ ಸರ್ಕಾರದ್ದೆಂದು ಸಾರಿ, ತೈಪೆಯಿಂದ ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ಪ್ರತಿನಿಧಿಗಳನ್ನು ಅದು ಹೊರಗೆ ಕಳಿಸಿತು. ತೈವಾನ್ ಎಂಬ ಹೆಸರು ಅದರಲ್ಲಿಲ್ಲ. ದ್ವೀಪದ ಒಡೆತನವೂ ಅಲ್ಲೇ ಇತ್ಯರ್ಥವಾಯಿತು ಎಂದು ಬೀಜಿಂಗ್ ಹೇಳುತ್ತದೆ. ಪೀಠ ಯಾರದೆಂದು ಹೇಳಿದ ಮಾತ್ರಕ್ಕೆ ನೆಲ ಯಾರದೆಂದು ಹೇಳಿದಂತಾಗದು ಎಂಬುದು ನನ್ನ ತಿಳಿವಳಿಕೆ.

ಒಳಗೆ ಬಿಟ್ಟರೆ ಮಾನ್ಯತೆ ಹಿಂಬಾಗಿಲಿನಿಂದ ನುಸುಳುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ 2002ರ ಜನವರಿ 1ರಿಂದ ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದೆ, ದೇಶವಾಗಿ ಅಲ್ಲ, ಪ್ರತ್ಯೇಕ ಸುಂಕ ಪ್ರದೇಶವಾಗಿ. ಚೀನಾ ಸೇರಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಸಭೆಯಲ್ಲಿ ಕೂರುತ್ತಿದ್ದಾರೆ; ಮಾನ್ಯತೆ ಕೊಟ್ಟ ದೇಶಗಳ ಸಂಖ್ಯೆ ಮಾತ್ರ ಇಳಿಯುತ್ತಲೇ ಬಂದಿದೆ. ಭಾರತವೂ ಮಾನ್ಯತೆ ಕೊಟ್ಟಿಲ್ಲ, ಆದರೂ 1995ರಿಂದ ತೈಪೆಯಲ್ಲಿ ನಮ್ಮ ಕಚೇರಿಯಿದೆ. ತೈವಾನಿನ ಫಾಕ್ಸ್‌ಕಾನ್ ದೇವನಹಳ್ಳಿಯ ಬಳಿ ಕಾರ್ಖಾನೆ ಕಟ್ಟಿದೆ. ಬೀಜಿಂಗ್ ಒಪ್ಪಿದರೆ ತೈವಾನ್ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಪಾಲ್ಗೊಳ್ಳಲಿ ಎನ್ನುವವರಿದ್ದಾರೆ. ಅದನ್ನೂ ನೋಡಿಯಾಯಿತು: 2009ರಿಂದ 2016ರವರೆಗೆ ವಿಶ್ವ ಆರೋಗ್ಯ ಸಭೆಯಲ್ಲಿ ವೀಕ್ಷಕ ಸ್ಥಾನವಿತ್ತು, ತ್ಸಾಯ್ ಇಂಗ್-ವೆನ್ ಅಧ್ಯಕ್ಷೆಯಾದ ಮೇಲೆ, 2017ರಿಂದ, ಆಹ್ವಾನ ನಿಂತಿತು. ಮತದಾರರು ಯಾರನ್ನು ಆರಿಸಿದರು ಎಂಬುದರ ಮೇಲೆ ರೋಗದ ಮಾಹಿತಿ ಹಂಚುವ ಏರ್ಪಾಡು ನಿಲ್ಲಬಾರದು.

‘ಚೈನೀಸ್ ತೈಪೆ’ಯಂಥ ಎರವಲು ಹೆಸರಿನಲ್ಲಿ ಕೂರುವುದು ಅವಮಾನವಲ್ಲವೆ ಎಂದು ತೈವಾನಿನ ಒಳಗಿಂದಲೇ ಬರುವ ಪ್ರಶ್ನೆ ಮಾತ್ರ ನನ್ನನ್ನು ತಡೆದು ನಿಲ್ಲಿಸುತ್ತದೆ. ಆ ನೋವು ನಿಜ. ಆದರೆ ಅದಕ್ಕೆ ಉತ್ತರಿಸುವ ಹಕ್ಕು ಅವರದೇ. ಟೋಕಿಯೋ ಒಲಿಂಪಿಕ್ಸ್‌ಗೆ ‘ತೈವಾನ್’ ಹೆಸರಿನಲ್ಲಿ ಹೋಗಬೇಕೆ ಎಂದು 2018ರ ನವೆಂಬರ್‌ನಲ್ಲಿ ಜನಮತಗಣನೆ ನಡೆಯಿತು. ಹೆಸರು ಬದಲಿಸಿದರೆ ಕ್ರೀಡಾಪಟುಗಳ ಅವಕಾಶವೇ ತಪ್ಪೀತೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮೊದಲೇ ಎಚ್ಚರಿಸಿತ್ತು. ಹೆಚ್ಚು ಮಂದಿ ಬೇಡವೆಂದರು.