‘ಮಕ್ರೂಹ್ ಮಾತ್ರ ತಾನೇ?’

ರಮಝಾನಿನಲ್ಲಿ 13 ಗಂಟೆ ಸಿಗರೇಟು ಮುಟ್ಟದ ವ್ಯಕ್ತಿ, ಖರ್ಜೂರದಿಂದ ಇಫ್ತಾರ್ ಮಾಡಿ, ಮಗ್ರಿಬ್‌ನ ಸಲಾಮ್ ಹೇಳಿದ ಕೂಡಲೇ ಮಸೀದಿಯ ಹೊರಗೋಡೆಗೆ ಒರಗಿ ಬೆಂಕಿಕಡ್ಡಿ ಗೀರುತ್ತಾನೆ. ಪ್ರಶ್ನಿಸಿದರೆ ದೊರೆಯುವ ಉತ್ತರ ಒಂದೇ: “ಮಕ್ರೂಹ್ ಮಾತ್ರ ತಾನೇ, ಉಸ್ತಾದರೇ?” ಈ ‘ಮಾತ್ರ’ ಎಂಬ ಪದದೊಂದಿಗೆ ನಮಗೆ ಜಗಳವಿದೆ.

ಹೊಗೆಸೊಪ್ಪು ಮುಸ್ಲಿಮ್ ನಾಡುಗಳನ್ನು ತಲುಪಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಅಂದಿನ ಉಲಮಾಗಳಲ್ಲಿ ಕೆಲವರು ಅದನ್ನು ಅನುಮತಿಸಿದರು, ಕೆಲವರು ಮಕ್ರೂಹ್ ಎಂದರು, ಕೆಲವರು ಹರಾಮ್ ಎಂದರು. ದೇಹದೊಳಗೆ ಹೊಗೆ ಮಾಡುವ ಕೆಲಸ ಅವರಿಗೆ ಕಾಣುವಂತಿರಲಿಲ್ಲ. ನಮಗೆ ಕಾಣುತ್ತದೆ. ಕಂಡ ಬಳಿಕವೂ ಅವರ ತೀರ್ಪಿನ ಮರೆಯಲ್ಲಿ ಅಡಗುವುದು ಅವರಿಗೆ ತೋರುವ ಗೌರವವಲ್ಲ.

ಹೃದಯದ ಬಲಭಾಗದಿಂದ ಹೊರಡುವ ರಕ್ತವೆಲ್ಲ, ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್, ಶ್ವಾಸಕೋಶದ ಮೂಲಕವೇ ಹಾದುಹೋಗಬೇಕು. ಅಲ್ಲಿನ ಲೋಮನಾಳಗಳು ಎಷ್ಟು ಕಿರಿದೆಂದರೆ ಕೆಂಪು ರಕ್ತಕಣಗಳು ಬಹುತೇಕ ಒಂದರ ಹಿಂದೊಂದಾಗಿ ಸಾಗುತ್ತವೆ. ರಕ್ತಕ್ಕೂ ಗಾಳಿಗೂ ನಡುವಿನ ಪರದೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಹೊಗೆ ಹೋಗಿ ತಾಗುವುದು ಈ ಪರದೆಗೆ. (ಬೀಡಿಗೂ ಇದೇ ಮಾತು, ಎಲೆಯಲ್ಲಿ ಸುತ್ತಿದ ಮಾತ್ರಕ್ಕೆ ಹೊಗೆ ಬೇರೆಯಾಗುವುದಿಲ್ಲ.) ರಕ್ತನಾಳದ ಒಳಪದರ ಗಾಯಗೊಳ್ಳುತ್ತದೆ, ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ಗೋಡೆ ದಪ್ಪಗಾಗಿ ದಾರಿ ಕಿರಿದಾಗುತ್ತದೆ. ಉಸಿರಾಟದ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದ ಧೂಮಪಾನಿಗಳಲ್ಲಿಯೂ ವೈದ್ಯರು ಈ ಬದಲಾವಣೆಯನ್ನು ಕಂಡಿದ್ದಾರೆ. “ನನಗೇನೂ ಆಗಿಲ್ಲವಲ್ಲ” ಎನ್ನುವವರು ಈ ವಾಕ್ಯವನ್ನು ಮತ್ತೊಮ್ಮೆ ಓದಲಿ. ಮುಂದೆ ಗಾಳಿಚೀಲಗಳ ಗೋಡೆ ಕುಸಿದಾಗ ಅದರೊಳಗಿನ ನಾಳಗಳೂ ನಾಶವಾಗುತ್ತವೆ, ಉಳಿದವುಗಳಲ್ಲಿ ಒತ್ತಡ ಏರುತ್ತದೆ, ಹೃದಯದ ಬಲಭಾಗ ದಣಿಯುತ್ತದೆ, ಕಾಲು ಊದಿಕೊಳ್ಳುತ್ತದೆ. ಸುಜೂದಿನಿಂದ ಏಳುವಾಗ ಏದುಸಿರು ಬಿಡುವ ಎಷ್ಟು ಮಂದಿಗೆ ನಾವು ಸಫ್‌ನ ತುದಿಯಲ್ಲಿ ಕುರ್ಚಿ ಹಾಕಿಕೊಟ್ಟಿಲ್ಲ?

ಈ ರಕ್ತದ ದಾರಿಯನ್ನು ಬರೆದಿಟ್ಟವರು ಯಾರೆಂಬುದನ್ನೂ ನಾವು ಮರೆತಿದ್ದೇವೆ. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್. ಹೃದಯದ ನಡುಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶಕ್ಕೆ ಹೋಗಿ ಗಾಳಿಯೊಡನೆ ಬೆರೆತೇ ಎಡಭಾಗಕ್ಕೆ ಮರಳುತ್ತದೆ ಎಂದು ಅವರು 13ನೇ ಶತಮಾನದಲ್ಲಿಯೇ ಗ್ಯಾಲೆನ್‌ನನ್ನು ತಿದ್ದಿ ಬರೆದರು. ಅವರು ಮದ್ರಸದಲ್ಲಿ ಶಾಫಿಈ ಫಿಕ್ಹ್ ಬೋಧಿಸಿದವರೂ ಹೌದು. ನಮ್ಮ ಕರಾವಳಿಯ ಬಹುತೇಕ ಜಮಾಅತ್‌ಗಳು ಅನುಸರಿಸುವುದು ಅದೇ ಮದ್ಹಬನ್ನು. 1288ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಔಷಧವೆಂದು ನೀಡಿದ ಮದ್ಯವನ್ನು, ಅದನ್ನು ಒಡಲಲ್ಲಿಟ್ಟುಕೊಂಡು ಅಲ್ಲಾಹನನ್ನು ಭೇಟಿಯಾಗಲಾರೆನೆಂದು ಅವರು ನಿರಾಕರಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ಅವರ ಮದ್ಹಬ್ ನಮಗೆ ಬೇಕು, ಅವರ ನಾಳಗಳ ಪಾಠ ಬೇಡವೇ?

ಇನ್ನು ಮನೆಯೊಳಗಿನ ಮಾತು. ಸೇದುವವನ ಮಟ್ಟಿಗೆ ಮಕ್ರೂಹ್ ಎಂದೇ ಇಟ್ಟುಕೊಳ್ಳೋಣ. ಅದೇ ಕೋಣೆಯಲ್ಲಿ ಉಸಿರಾಡುವ ಹೆಂಡತಿಗೂ ತೊಟ್ಟಿಲ ಮಗುವಿಗೂ ಆ ಹೊಗೆಯನ್ನು ಕುಡಿಸಲು ಯಾವ ಫತ್ವಾ ಅನುಮತಿಸಿದೆ? ಅನ್ಯರು ಬಿಟ್ಟ ಹೊಗೆಯೂ ರಕ್ತನಾಳಗಳನ್ನು ಕೆಡಿಸುತ್ತದೆ, ಮಕ್ಕಳ ಆಸ್ತಮಾವನ್ನು ಉಲ್ಬಣಿಸುತ್ತದೆ.

ಅಧ್ಯಾಪಕರಾದ ನಾವೂ ಇದಕ್ಕೆ ಹೊರತಲ್ಲ. ತರಗತಿಗಳ ನಡುವೆ ಹಿತ್ತಲಿಗೆ ಹೋಗಿಬರುವ ಉಸ್ತಾದರ ಜುಬ್ಬಾದ ವಾಸನೆಯನ್ನು ಮಕ್ಕಳು ಚೆನ್ನಾಗಿ ಬಲ್ಲರು. ಮದುವೆಯ ದುಂದುವೆಚ್ಚದ ಬಗ್ಗೆ, ಮೊಬೈಲಿನ ಬಗ್ಗೆ ಗಂಟೆಗಟ್ಟಲೆ ಉಪದೇಶಿಸುವ ನಾವು ಸಿಗರೇಟಿನ ಸುದ್ದಿ ಬಂದಾಗ ಗಂಟಲು ಸರಿಪಡಿಸಿಕೊಂಡು ಮುಂದಕ್ಕೆ ಹೋಗುತ್ತೇವೆ. ಮುಂದಿನ ಸಫ್‌ನಲ್ಲಿ ಕುಳಿತ ಆಡಳಿತ ಸಮಿತಿಯವರ ಜೇಬಿನಲ್ಲಿ ಪ್ಯಾಕೆಟ್ ಎದ್ದು ಕಾಣುತ್ತಿರುತ್ತದೆ.